ಮಂಡಿ ಸವೆತ: ಸ್ಕ್ಯಾನ್‌ಗೆ ಮೊದಲು ತಿಳಿದಿರಬೇಕಾದದ್ದು

ಸುಜೂದ್‌ನಿಂದ ಏಳುವಾಗ ಮಂಡಿ ಹಿಡಿದುಕೊಳ್ಳುತ್ತದೆ, ಅತ್ತಹಿಯ್ಯಾತ್‌ಗೆ ಕೂರಲು ಆಗುತ್ತಿಲ್ಲ, ಮೆಟ್ಟಿಲು ಇಳಿಯುವಾಗ ಕಟಕಟ ಸದ್ದು ಬರುತ್ತದೆ. ಐವತ್ತು ದಾಟಿದವರಿರುವ ಮನೆಗಳಲ್ಲಿ ಈ ಮಾತು ಸಾಮಾನ್ಯ. ದಿನವಿಡೀ ಕಾಲು ಮಡಚಿ ಕುಳಿತು ಬೀಡಿ ಕಟ್ಟುವ ತುಮಕೂರಿನ ಹೆಂಗಸರು, ಗುಬ್ಬಿ ಕಡೆ ಕುಕ್ಕರಗಾಲಿನಲ್ಲಿ ಕುಳಿತು ಅಡಿಕೆ ಸುಲಿಯುವವರು, ಮಂಡಿಯೂರಿ ಟೈಲ್ಸ್ ಹಾಕುವ ಕೆಲಸಗಾರರು, ಕುಣಿಗಲ್ ರಸ್ತೆಯಲ್ಲಿ ಬೈಕಿನಿಂದ ಬಿದ್ದ ಹುಡುಗರು, ಎಲ್ಲರ ದೂರೂ ಕೊನೆಗೆ ಮಂಡಿಗೇ ಬಂದು ನಿಲ್ಲುತ್ತದೆ.

ಇಂಥ ಸಂದರ್ಭದಲ್ಲಿ ಎರಡು ಬಗೆಯ ತಪ್ಪುಗಳು ನಡೆಯುತ್ತವೆ. ವಯಸ್ಸಾದವರ ವಿಷಯದಲ್ಲಿ ಆತುರ: ಯಾರೋ ಹೇಳಿದರೆಂದು ಮೊದಲೇ ಎಂಆರ್‌ಐ ಮಾಡಿಸಿ, ವರದಿಯಲ್ಲಿ ‘ಹರಿದಿದೆ’, ‘ಸವೆದಿದೆ’ ಎಂಬ ಮಾತು ಕಂಡು ಹೆದರಿ, ಒಡವೆ ಅಡವಿಟ್ಟು ಆಪರೇಷನ್‌ಗೆ ಒಪ್ಪಿಬಿಡುವುದು. ಹರೆಯದವರ ವಿಷಯದಲ್ಲಿ ಉದಾಸೀನ: ಬಿದ್ದು ಮಂಡಿ ಊದಿಕೊಂಡರೂ ಎಣ್ಣೆ ತಿಕ್ಕಿಸಿ, ಪಟ್ಟಿ ಕಟ್ಟಿಸಿ ತಿಂಗಳುಗಟ್ಟಲೆ ಕಳೆಯುವುದು. ಮೊದಲನೆಯದರಲ್ಲಿ ಹಣ ವ್ಯರ್ಥವಾಗುತ್ತದೆ, ಎರಡನೆಯದರಲ್ಲಿ ಮಂಡಿಯೇ ಹಾಳಾಗುತ್ತದೆ. ಮಂಡಿಯ ಮೃದ್ವಸ್ಥಿಗೆ ಏನಾಗಿದೆ ಎಂದು ವೈದ್ಯರು ಯಾವ ಕ್ರಮದಲ್ಲಿ ತಿಳಿಯುತ್ತಾರೆ, ಯಾವ ಪರೀಕ್ಷೆ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂಬುದು ಮನೆಯವರಿಗೆ ಗೊತ್ತಿದ್ದರೆ ಈ ಎರಡೂ ತಪ್ಪುಗಳನ್ನು ತಪ್ಪಿಸಬಹುದು.

ಮಂಡಿಯೊಳಗೆ ಏನಿದೆ?

ಮಂಡಿಯಲ್ಲಿ ಮೂರು ಮೂಳೆಗಳು ಸೇರುತ್ತವೆ: ಮೇಲೆ ತೊಡೆಮೂಳೆ, ಕೆಳಗೆ ಕಾಲಿನ ದೊಡ್ಡ ಮೂಳೆ, ಮುಂದೆ ಮಂಡಿಚಿಪ್ಪು. ಮೂಳೆಗಳು ಒಂದನ್ನೊಂದು ತಾಗುವ ಕಡೆಯೆಲ್ಲ ನುಣುಪಾದ ಬಿಳಿಯ ಪದರವೊಂದು ಅಂಟಿಕೊಂಡಿರುತ್ತದೆ. ಇದೇ ಮೃದ್ವಸ್ಥಿ, ಅಂದರೆ ಕಾರ್ಟಿಲೇಜ್. ಸಾಮಾನ್ಯವಾಗಿ ಇದರ ದಪ್ಪ 2ರಿಂದ 4 ಮಿ.ಮೀ. ಮಾತ್ರ. ಮಂಡಿಚಿಪ್ಪಿನ ಹಿಂಬದಿಯಲ್ಲಿ ಇನ್ನೂ ಸ್ವಲ್ಪ ದಪ್ಪ. ಇದರಲ್ಲಿ ಹೆಚ್ಚಿನ ಪಾಲು ನೀರು. ಕೀಲಿನೊಳಗಿನ ಲೋಳೆಯಂಥ ದ್ರವದಿಂದಲೇ ಇದಕ್ಕೆ ಮುಖ್ಯವಾಗಿ ಪೋಷಣೆ.

ಇದಲ್ಲದೆ ಎರಡು ದೊಡ್ಡ ಮೂಳೆಗಳ ನಡುವೆ ಅರ್ಧಚಂದ್ರಾಕಾರದ ಎರಡು ಗಾದಿಗಳಿವೆ. ಇವುಗಳ ಹೆಸರು ಮೆನಿಸ್ಕಸ್. ಭಾರವನ್ನು ಹಂಚಿ ಮೃದ್ವಸ್ಥಿಯನ್ನು ಕಾಪಾಡುವುದು ಇವುಗಳ ಕೆಲಸ. ಮೂಳೆಗಳನ್ನು ಹಗ್ಗದಂತೆ ಬಿಗಿದು ಹಿಡಿಯುವವು ಲಿಗಮೆಂಟ್‌ಗಳು.

ಇಲ್ಲಿ ಎರಡು ಸಂಗತಿಗಳನ್ನು ನೆನಪಿಡಬೇಕು. ಒಂದು, ಮೃದ್ವಸ್ಥಿಗೆ ರಕ್ತನಾಳಗಳಿಲ್ಲ. ಆದ್ದರಿಂದ ಚರ್ಮದ ಗಾಯ ಮಾಯುವಂತೆ ಅದು ಮಾಯುವುದಿಲ್ಲ. ಒಮ್ಮೆ ನಾಶವಾದ ಮೃದ್ವಸ್ಥಿ ಮತ್ತೆ ಮೊದಲಿನಂತಾಗುವುದಿಲ್ಲ ಎಂಬುದನ್ನು ಲಂಡನ್ನಿನ ವೈದ್ಯ ವಿಲಿಯಂ ಹಂಟರ್ 1743ರಷ್ಟು ಹಿಂದೆಯೇ ಬರೆದಿದ್ದರು. ಎರಡು, ಮೃದ್ವಸ್ಥಿಗೆ ನರಗಳೂ ಇಲ್ಲ. ಅದು ಸವೆದಾಗ ನೋವು ಬರುವುದು ಅದರಡಿಯ ಮೂಳೆಯಿಂದ, ಕೀಲಿನ ಒಳಪೊರೆಯಿಂದ ಮತ್ತು ಸುತ್ತಲಿನ ಸ್ನಾಯುಗಳಿಂದ. ಹೀಗಾಗಿ ನೋವಿನ ಅಳತೆಯೂ ಸವೆತದ ಅಳತೆಯೂ ಒಂದೇ ಆಗಿರಬೇಕಿಲ್ಲ. ತುಂಬ ಸವೆದ ಮಂಡಿಯವರು ಆರಾಮವಾಗಿ ನಡೆಯುತ್ತಿರಬಹುದು, ಸ್ವಲ್ಪವೇ ಸವೆದವರು ನೋವಿನಿಂದ ನರಳುತ್ತಿರಬಹುದು. ಚಿತ್ರವೊಂದನ್ನೇ ನೋಡಿ ಚಿಕಿತ್ಸೆ ನಿರ್ಧರಿಸಬಾರದು ಎನ್ನುವುದು ಇದೇ ಕಾರಣಕ್ಕೆ.

ಮೊದಲ ಪರೀಕ್ಷೆ ಮಾತು, ಎರಡನೆಯದು ಕೈ

ಒಳ್ಳೆಯ ವೈದ್ಯರು ಮೊದಲು ಕೇಳುತ್ತಾರೆ. ನೋವು ಯಾವಾಗ ಶುರುವಾಯಿತು? ಬಿದ್ದಿರಾ, ಕಾಲು ತಿರುಚಿತೇ? ಊತ ಕೂಡಲೇ ಬಂತೇ, ಮಾರನೆಯ ದಿನ ಬಂತೇ? ಬಿದ್ದ ಒಂದೆರಡು ಗಂಟೆಯೊಳಗೆ ಮಂಡಿ ತುಂಬ ಊದಿಕೊಂಡರೆ ಒಳಗೆ ರಕ್ತ ತುಂಬಿರುವ ಸಂಭವ ಹೆಚ್ಚು. ಲಿಗಮೆಂಟ್ ಹರಿದಿರಬಹುದು ಅಥವಾ ಮೂಳೆ ಮುರಿದಿರಬಹುದು. ಮಾರನೆಯ ದಿನ ನಿಧಾನವಾಗಿ ಊದಿದರೆ ಮೆನಿಸ್ಕಸ್‌ಗೆ ಪೆಟ್ಟಾಗಿರುವ ಅನುಮಾನ ಬರುತ್ತದೆ.

ಯಾವ ಚಲನೆಯಲ್ಲಿ ನೋವು ಎಂಬುದೂ ದೊಡ್ಡ ಸುಳಿವು. ನಮಾಝ್‌ನಲ್ಲಿ ನಿಂತಾಗ ಏನೂ ಇಲ್ಲ, ರುಕೂವಿನಲ್ಲೂ ಇಲ್ಲ, ಕೂತು ಏಳುವಾಗ ಮಾತ್ರ ಮುಂಭಾಗದಲ್ಲಿ ನೋವು ಎಂದರೆ ಮಂಡಿಚಿಪ್ಪಿನ ಹಿಂಬದಿಯ ಮೃದ್ವಸ್ಥಿಯತ್ತ ಗಮನ ಹೋಗುತ್ತದೆ. ಮೆಟ್ಟಿಲು ಇಳಿಯುವಾಗಿನ ನೋವೂ ಇದೇ ಬಗೆಯದು. ಪೂರ್ತಿ ಮಡಚಿದಾಗ ಒಳಬದಿಯಲ್ಲಿ ಚುಚ್ಚಿದಂತಾದರೆ ಮೆನಿಸ್ಕಸ್‌ನತ್ತ. ಬೆಳಗ್ಗೆ ಎದ್ದ ಮೇಲೆ ಬಹಳ ಹೊತ್ತು ಮಂಡಿ ಬಿಗಿದುಕೊಂಡಿದ್ದು, ಕೈಬೆರಳಿನ ಗೆಣ್ಣುಗಳಲ್ಲೂ ಊತವಿದ್ದರೆ ಅದು ಸವೆತವಲ್ಲ, ಸಂಧಿವಾತ ಇರಬಹುದು. ಆದ್ದರಿಂದ ವೈದ್ಯರ ಮುಂದೆ ‘ಮಂಡಿ ನೋವು’ ಎಂದಷ್ಟೇ ಹೇಳಬೇಡಿ. ನಮಾಝ್‌ನ ಯಾವ ಭಂಗಿಯಲ್ಲಿ, ಮನೆಯ ಯಾವ ಕೆಲಸದಲ್ಲಿ ನೋವು ಎಂದು ಬಿಡಿಸಿ ಹೇಳಿ.

ಆಮೇಲೆ ಕೈಯಿಂದ ಪರೀಕ್ಷೆ. ಎರಡೂ ಮಂಡಿಗಳನ್ನು ಹೋಲಿಸಿ ನೋಡಬೇಕು, ನಡಿಗೆ ನೋಡಬೇಕು, ಒತ್ತಿ ನೋಡಬೇಕು, ಮಡಚಿ ಬಿಡಿಸಿ ನೋಡಬೇಕು. ಸೊಂಟದ ಕೀಲನ್ನೂ ಪರೀಕ್ಷಿಸಬೇಕು, ಏಕೆಂದರೆ ಸೊಂಟದ ಕೀಲಿನ ತೊಂದರೆ ಮಂಡಿ ನೋವಾಗಿ ಕಾಣಿಸಿಕೊಳ್ಳುವುದುಂಟು. ಬುರ್ಖಾದ ಮೇಲಿಂದಲೇ ಒಮ್ಮೆ ಮುಟ್ಟಿ ಸ್ಕ್ಯಾನ್ ಬರೆದುಕೊಟ್ಟರೆ ಅದು ಪರೀಕ್ಷೆಯಾಗುವುದಿಲ್ಲ. ಮಹಿಳೆಯರು ಸಡಿಲವಾದ ಸಲ್ವಾರ್ ಧರಿಸಿ ಹೋಗಲಿ, ಪರದೆಯ ಹಿಂದೆ ಮಹಿಳಾ ಸಿಬ್ಬಂದಿ ಅಥವಾ ಮನೆಯವರ ಸಮ್ಮುಖದಲ್ಲಿ ಪರೀಕ್ಷಿಸಬೇಕೆಂದು ಕೇಳಲಿ. ಹಾಗೆ ಕೇಳುವುದು ನಿಮ್ಮ ಹಕ್ಕು. ಸಂಕೋಚದಿಂದ ಪರೀಕ್ಷೆಯನ್ನೇ ಬಿಟ್ಟುಬಿಟ್ಟರೆ ಮುಂದಿನ ಖರ್ಚೆಲ್ಲ ಊಹೆಯ ಮೇಲೆ ನಡೆಯುತ್ತದೆ.

ಎಕ್ಸ್‌ರೇ: ನಿಂತು ತೆಗೆಸಿ

ಎಕ್ಸ್‌ರೇಯಲ್ಲಿ ಮೃದ್ವಸ್ಥಿ ಕಾಣುವುದಿಲ್ಲ. ಕಾಣುವುದು ಎರಡು ಮೂಳೆಗಳ ನಡುವಿನ ಅಂತರ. ಆ ಅಂತರವನ್ನು ತುಂಬಿರುವುದು ಮೃದ್ವಸ್ಥಿ ಮತ್ತು ಮೆನಿಸ್ಕಸ್ ಆದ್ದರಿಂದ ಅಂತರ ಕಡಿಮೆಯಾಗಿದ್ದರೆ ಸವೆತವಾಗಿದೆ ಎಂದು ತಿಳಿಯಬಹುದು. ಆದರೆ ಮಲಗಿ ತೆಗೆಸಿದ ಎಕ್ಸ್‌ರೇಯಲ್ಲಿ ಮಂಡಿಯ ಮೇಲೆ ಭಾರ ಬೀಳುವುದಿಲ್ಲ, ಸವೆದ ಮಂಡಿಯೂ ಚೆನ್ನಾಗಿರುವಂತೆ ತೋರಬಹುದು. ಆದ್ದರಿಂದ ನಿಲ್ಲಲು ಸಾಧ್ಯವಿರುವವರು ಎರಡೂ ಕಾಲುಗಳ ಮೇಲೆ ಭಾರ ಹಾಕಿ ನಿಂತೇ ಎಕ್ಸ್‌ರೇ ತೆಗೆಸಬೇಕು. ಮಂಡಿಯನ್ನು ಸ್ವಲ್ಪ ಬಗ್ಗಿಸಿ ನಿಂತು ತೆಗೆದ ಚಿತ್ರದಲ್ಲಿ ಸವೆತ ಇನ್ನೂ ಬೇಗ ಗೊತ್ತಾಗುತ್ತದೆ. ಮಂಡಿಚಿಪ್ಪಿನ ತೊಂದರೆಗೆ ಬೇರೆ ಕೋನದ ಚಿತ್ರ ಬೇಕಾಗುತ್ತದೆ.

ವರದಿಯಲ್ಲಿ ಗ್ರೇಡ್ 0ರಿಂದ 4ರವರೆಗಿನ ಅಂಕಿ ಇರುವುದುಂಟು. 1957ರಲ್ಲಿ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಎಂಬ ವೈದ್ಯರು ಮಾಡಿದ ವಿಂಗಡಣೆ ಅದು. 4 ಎಂದರೆ ಅಂತರ ಬಹಳ ಕಡಿಮೆಯಾಗಿ, ಮೂಳೆಯ ಅಂಚುಗಳಲ್ಲಿ ದೊಡ್ಡ ಮುಳ್ಳುಗಳು ಬೆಳೆದಿವೆ ಎಂದರ್ಥ. ಆದರೆ ಅಂಕಿ ನೋಡಿ ಯಾರೂ ಮಂಡಿ ಬದಲಿಸಬೇಕಿಲ್ಲ. ನಡೆಯಲು, ನಿದ್ರಿಸಲು, ದಿನದ ಕೆಲಸ ಮಾಡಲು ಎಷ್ಟು ತೊಂದರೆಯಾಗಿದೆ ಎಂಬುದೇ ಮುಖ್ಯ. ಐವತ್ತು ದಾಟಿದವರಲ್ಲಿ, ಪೆಟ್ಟೇನೂ ಆಗಿರದಿದ್ದರೆ, ಪರೀಕ್ಷೆ ಮತ್ತು ನಿಂತು ತೆಗೆಸಿದ ಎಕ್ಸ್‌ರೇ ಇವೆರಡೇ ಹೆಚ್ಚಿನ ಸಲ ಸಾಕಾಗುತ್ತವೆ.

ನಮ್ಮ ಜಿಲ್ಲೆಯವರಿಗೆ ಇನ್ನೊಂದು ಮಾತು. ಪಾವಗಡ, ಶಿರಾ, ಮಧುಗಿರಿ ಕಡೆಯ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿರುವುದು ಹಳೆಯ ಸಮಸ್ಯೆ. ವರ್ಷಗಟ್ಟಲೆ ಅಂಥ ನೀರು ಕುಡಿದವರಿಗೆ ಬೆನ್ನು, ಸೊಂಟ, ಮಂಡಿಗಳಲ್ಲಿ ಬಿಗಿತ ಮತ್ತು ನೋವು ಬರಬಹುದು. ಅದು ಬರಿಯ ಸವೆತದಂತೆ ಕಾಣುತ್ತದೆ. ಆ ಭಾಗದಲ್ಲಿ ಹುಟ್ಟಿ ಬೆಳೆದು ತುಮಕೂರು, ಗುಬ್ಬಿ, ಕುಣಿಗಲ್‌ಗಳಿಗೆ ಮದುವೆಯಾಗಿ ಬಂದವರು, ಕೆಲಸಕ್ಕೆ ಬಂದು ನೆಲೆಸಿದವರು ಅದನ್ನು ವೈದ್ಯರಿಗೆ ತಪ್ಪದೆ ತಿಳಿಸಬೇಕು.

ಎಂಆರ್‌ಐ: ಎಲ್ಲವನ್ನೂ ತೋರಿಸುತ್ತದೆ, ಬೇಡದ್ದನ್ನೂ

ಎಂಆರ್‌ಐಯಲ್ಲಿ ಮೃದ್ವಸ್ಥಿ, ಮೆನಿಸ್ಕಸ್, ಲಿಗಮೆಂಟ್, ಮೂಳೆಯೊಳಗಿನ ಊತ ಎಲ್ಲವೂ ಕಾಣುತ್ತವೆ. ಎಕ್ಸ್‌ರೇಯಂತೆ ಇದರಲ್ಲಿ ವಿಕಿರಣವಿಲ್ಲ, ಬಲವಾದ ಆಯಸ್ಕಾಂತದಿಂದ ಕೆಲಸ ನಡೆಯುತ್ತದೆ. ಹರೆಯದವರಿಗೆ ಪೆಟ್ಟಾಗಿದ್ದರೆ, ಮಂಡಿ ಸಿಕ್ಕಿಹಾಕಿಕೊಳ್ಳುತ್ತಿದ್ದರೆ, ಎಕ್ಸ್‌ರೇ ಸರಿಯಾಗಿದ್ದೂ ತೊಂದರೆ ಮುಂದುವರಿದಿದ್ದರೆ ಇದು ಬಹಳ ಉಪಯುಕ್ತ. ಆದರೂ ಇದಕ್ಕೆ ಮಿತಿಗಳಿವೆ. ಮೂಳೆಯವರೆಗೆ ಇಳಿದ ಆಳವಾದ ಗಾಯವನ್ನು ಇದು ಚೆನ್ನಾಗಿ ಹಿಡಿಯುತ್ತದೆ, ಮೇಲ್ಮೈಯ ಸಣ್ಣ ಬಿರುಕು, ಮೆತ್ತಗಾಗಿರುವಿಕೆ ಇದರ ಕಣ್ಣಿಗೆ ತಪ್ಪಿಹೋಗಬಹುದು.

ಇನ್ನೊಂದು ಮಿತಿ ಇದಕ್ಕಿಂತ ದೊಡ್ಡದು. ಎಂಆರ್‌ಐ ವಯಸ್ಸಿನ ಸಹಜ ಬದಲಾವಣೆಗಳನ್ನೂ ಬಿಡದೆ ತೋರಿಸುತ್ತದೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಪಟ್ಟಣದಲ್ಲಿ 50ರಿಂದ 90 ವರ್ಷದ 991 ಮಂದಿಯ ಮಂಡಿಗಳನ್ನು ಎಂಆರ್‌ಐ ಮಾಡಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಮೆನಿಸ್ಕಸ್ ಹರಿದಿದ್ದವರ ಪೈಕಿ 61 ಶೇಕಡಾ ಮಂದಿಗೆ ಹಿಂದಿನ ಒಂದು ತಿಂಗಳಲ್ಲಿ ಮಂಡಿಯ ನೋವಾಗಲಿ ಬಿಗಿತವಾಗಲಿ ಇರಲೇ ಇಲ್ಲ! ಅಂದರೆ ತಲೆಗೂದಲು ಬೆಳ್ಳಗಾದಂತೆ ಮೆನಿಸ್ಕಸ್ ಕೂಡ ವಯಸ್ಸಿಗೆ ಸರಿಯಾಗಿ ಸವೆಯುತ್ತದೆ. ಅರವತ್ತರ ಹಿರಿಯರ ವರದಿಯಲ್ಲಿ ‘ಹರಿದಿದೆ’ ಎಂದು ಬರೆದಿದ್ದರೆ ಅವರ ನೋವಿಗೆ ಅದೇ ಕಾರಣವೆಂದು ಹೇಳಲಾಗದು.

ವರದಿ ಓದುವಾಗ ಗೊಂದಲಕ್ಕೆ ಒಳಗಾಗುವ ಇನ್ನೊಂದು ವಿಷಯ ‘ಗ್ರೇಡ್’. ಮೆನಿಸ್ಕಸ್‌ಗೆ ಗ್ರೇಡ್ 1, 2 ಎಂದಿದ್ದರೆ ಒಳಗಿನ ಬದಲಾವಣೆ ಮಾತ್ರ, ಹರಿದಿಲ್ಲ. ಗ್ರೇಡ್ 3 ಎಂದರೆ ಅದು ಮೇಲ್ಮೈಯನ್ನು ಮುಟ್ಟಿದೆ, ಅದನ್ನು ಹರಿದದ್ದೆಂದು ಪರಿಗಣಿಸುತ್ತಾರೆ. ಮೃದ್ವಸ್ಥಿಯ ಗ್ರೇಡ್ ಬೇರೆ, ಎಕ್ಸ್‌ರೇಯ ಗ್ರೇಡ್ ಬೇರೆ. ಮೂರನ್ನೂ ಒಂದೇ ಎಂದುಕೊಂಡು ಹೆದರಬೇಡಿ.

ಎಂಆರ್‌ಐಗೆ ಹೋಗುವಾಗ ಹಿಜಾಬಿನ ಪಿನ್ನು, ಬಳೆ, ಕಾಲುಗೆಜ್ಜೆ, ಲೋಹದ ತಾಯತ, ಮೊಬೈಲು, ಬ್ಯಾಂಕ್ ಕಾರ್ಡು ಎಲ್ಲವನ್ನೂ ಹೊರಗೆ ತೆಗೆದಿಡಬೇಕು. ಎದೆಯಲ್ಲಿ ಪೇಸ್‌ಮೇಕರ್ ಇದ್ದರೆ, ದೇಹದಲ್ಲಿ ರಾಡು, ಕ್ಲಿಪ್ಪು ಹಾಕಿಸಿಕೊಂಡಿದ್ದರೆ, ಗರ್ಭಿಣಿಯಾಗಿದ್ದರೆ ಮೊದಲೇ ಹೇಳಬೇಕು. ಅರ್ಧ ಗಂಟೆ ಅಲುಗಾಡದೆ ಮಲಗಿರಬೇಕಾಗುತ್ತದೆ, ಯಂತ್ರದ ಸದ್ದು ಜೋರು. ಅದರಿಂದ ಗಾಬರಿಯಾಗುವುದು ಬೇಡ.

ಆರ್ತ್ರೋಸ್ಕೋಪಿ: ಕಣ್ಣಾರೆ ನೋಡುವ ವಿಧಾನ

ಮಂಡಿಯೊಳಗೆ ದುರ್ಬೀನು ಹಾಕಿ ನೋಡುವ ಯೋಚನೆ ಬೆಳೆದ ಕಥೆ ನಮಗೆ ಹತ್ತಿರವಾದದ್ದು. ಜಪಾನಿನಲ್ಲಿಯೂ ನಮ್ಮಂತೆಯೇ ನೆಲದ ಮೇಲೆ ಮಂಡಿಯೂರಿ ಕೂರುವ ಪದ್ಧತಿ. ಕ್ಷಯರೋಗ ತಗುಲಿ ಮಂಡಿ ಗಟ್ಟಿಯಾಗಿಬಿಟ್ಟರೆ ಅಲ್ಲಿಯವರಿಗೆ ನಾಲ್ಕು ಜನರ ನಡುವೆ ಕೂರುವುದೇ ಕಷ್ಟ. ರೋಗವನ್ನು ಬೇಗನೆ ಗುರುತಿಸಬೇಕೆಂದು ಟೋಕಿಯೋದ ವೈದ್ಯ ಕೆಂಜಿ ಟಕಾಗಿ 1918ರಲ್ಲಿ, ಮೂತ್ರಕೋಶ ನೋಡುವ ಕೊಳವೆಯನ್ನು ಮೃತದೇಹದ ಮಂಡಿಯೊಳಗೆ ಹಾಕಿ ನೋಡಿದರು. ಅವರ ಶಿಷ್ಯ ಮಸಾಕಿ ವಟನಬೆ ಉಪಕರಣವನ್ನು ಸುಧಾರಿಸಿ, 1962ರಲ್ಲಿ ಇದರ ಮೂಲಕವೇ ಹರಿದ ಮೆನಿಸ್ಕಸ್‌ನ ತುಂಡನ್ನು ತೆಗೆದರು.

ಈಗ ಬೆನ್ನಿಗೆ ಇಂಜೆಕ್ಷನ್ ಕೊಟ್ಟೋ ಪೂರ್ತಿ ಅರಿವಳಿಕೆ ಕೊಟ್ಟೋ ಇದನ್ನು ಮಾಡುತ್ತಾರೆ. ಮಂಡಿಯ ಮುಂದೆ ಎರಡು ಸಣ್ಣ ತೂತು ಮಾಡಿ, ಒಂದರಿಂದ ಸುಮಾರು 4 ಮಿ.ಮೀ. ದಪ್ಪದ ಕ್ಯಾಮೆರಾ ಕೊಳವೆಯನ್ನೂ ಇನ್ನೊಂದರಿಂದ ಸಣ್ಣ ಕೊಕ್ಕೆಯನ್ನೂ ಒಳಗೆ ಬಿಡುತ್ತಾರೆ. ಉಪ್ಪುನೀರು ಹರಿಸಿ ಒಳಗೆ ಜಾಗ ಮಾಡಿಕೊಳ್ಳುತ್ತಾರೆ. ಮೃದ್ವಸ್ಥಿಯನ್ನು ಪರದೆಯ ಮೇಲೆ ನೋಡುವುದಷ್ಟೇ ಅಲ್ಲ, ಕೊಕ್ಕೆಯಿಂದ ಒತ್ತಿ ಅದು ಮೆತ್ತಗಾಗಿದೆಯೇ, ಎದ್ದು ಬರುತ್ತಿದೆಯೇ ಎಂದೂ ತಿಳಿಯುತ್ತಾರೆ. 1961ರಲ್ಲಿ ಔಟರ್‌ಬ್ರಿಜ್ ಎಂಬ ಸರ್ಜನ್ ಮಾಡಿದ ವಿಂಗಡಣೆಯೇ ಇಂದಿಗೂ ಬಳಕೆಯಲ್ಲಿದೆ. ಮೆತ್ತಗಾಗಿ ಉಬ್ಬಿದ್ದರೆ ಗ್ರೇಡ್ 1, ಬಿರುಕು ಬಿಟ್ಟಿದ್ದರೆ ಅದರ ಅಗಲಕ್ಕೆ ತಕ್ಕಂತೆ 2 ಅಥವಾ 3, ಮೂಳೆ ಬರಿದಾಗಿ ಕಂಡರೆ 4.

ಮೃದ್ವಸ್ಥಿಯ ಗಾಯವನ್ನು ಖಚಿತವಾಗಿ ಅಳೆಯಲು ಇದಕ್ಕಿಂತ ಉತ್ತಮ ವಿಧಾನವಿಲ್ಲ. ಆದರೆ ಇದು ಆಪರೇಷನ್. ಅರಿವಳಿಕೆಯ ಅಪಾಯ, ಸೋಂಕು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವಿಕೆ ಇವು ಅಪರೂಪವಾದರೂ ಇಲ್ಲವೆಂದಲ್ಲ. ಆದ್ದರಿಂದ ಸುಮ್ಮನೆ ನೋಡಲೆಂದು ಇದನ್ನು ಮಾಡುವ ಕಾಲ ಮುಗಿಯಿತು. ಒಳಗೆ ಸರಿಪಡಿಸಬಹುದಾದ ತೊಂದರೆ ಇದೆ ಎಂದು ಮೊದಲೇ ಗೊತ್ತಾಗಿದ್ದಾಗ ನೋಡುವುದನ್ನೂ ಸರಿಪಡಿಸುವುದನ್ನೂ ಒಟ್ಟಿಗೆ ಮಾಡುತ್ತಾರೆ.

ಮಂಡಿ ತೊಳೆದರೆ ಸವೆತ ಹೋಗುವುದೇ?

‘ದುರ್ಬೀನು ಹಾಕಿ ಮಂಡಿ ಕ್ಲೀನ್ ಮಾಡಿಸಿ’ ಎಂಬ ಸಲಹೆ ಹಿರಿಯರಿಗೆ ಸಿಗುವುದುಂಟು. ಅಮೆರಿಕದ ಹ್ಯೂಸ್ಟನ್‌ನಲ್ಲಿ ಸವೆತದ ನೋವಿದ್ದ 180 ಮಂದಿಯನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಮಂಡಿ ತೊಳೆದರು, ಇನ್ನೊಂದಕ್ಕೆ ಕೆರೆದು ನುಣುಪು ಮಾಡಿದರು, ಮೂರನೆಯದಕ್ಕೆ ಚರ್ಮದ ಮೇಲೆ ಗಾಯ ಮಾಡಿ ಹೊಲಿದರಷ್ಟೇ. ಯಾರಿಗೆ ಏನು ಮಾಡಿದ್ದಾರೆಂದು ರೋಗಿಗಳಿಗೆ ತಿಳಿಸಲಿಲ್ಲ. ಎರಡು ವರ್ಷ ಗಮನಿಸಿದ ಮೇಲೆ ನಿಜವಾದ ಆಪರೇಷನ್ ಆದವರಿಗೆ ಬರಿ ಹೊಲಿಗೆಯವರಿಗಿಂತ ಹೆಚ್ಚಿನ ಪ್ರಯೋಜನವೇನೂ ಕಾಣಲಿಲ್ಲ. ಇದು 2002ರಲ್ಲಿ ಪ್ರಕಟವಾಯಿತು. ಫಿನ್‌ಲ್ಯಾಂಡಿನಲ್ಲಿ ವಯೋಸಹಜವಾಗಿ ಮೆನಿಸ್ಕಸ್ ಹರಿದ 146 ಮಂದಿಯ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲೂ ಅದೇ ಫಲಿತಾಂಶ ಬಂತು. 2017ರಲ್ಲಿ ಹಲವು ದೇಶಗಳ ತಜ್ಞರ ಸಮಿತಿ ಇವನ್ನೆಲ್ಲ ಪರಿಶೀಲಿಸಿ, ಸವೆತದ ಮಂಡಿಗೆ ಆರ್ತ್ರೋಸ್ಕೋಪಿ ಬೇಡವೆಂದು ಬಲವಾಗಿ ಸಲಹೆ ಮಾಡಿತು.

ಎರಡು ಉದಾಹರಣೆಗಳನ್ನು ನೋಡೋಣ. ಗುಬ್ಬಿಯ ಐವತ್ತೆಂಟು ವರ್ಷದ ತಾಯಿಯೊಬ್ಬರಿಗೆ ಎರಡು ವರ್ಷದಿಂದ ಎರಡೂ ಮಂಡಿ ನೋವು, ತೂಕ ಹೆಚ್ಚು, ಪೆಟ್ಟಾಗಿಲ್ಲ ಎಂದುಕೊಳ್ಳಿ. ಅವರಿಗೆ ಪರೀಕ್ಷೆ ಮತ್ತು ನಿಂತು ತೆಗೆಸಿದ ಎಕ್ಸ್‌ರೇ ಸಾಕು. ತೊಡೆಯ ಸ್ನಾಯು ಬಲಪಡಿಸುವ ವ್ಯಾಯಾಮ, ತೂಕ ಇಳಿಸುವುದು, ನೆಲದ ಬದಲು ಎತ್ತರದ ಆಸನ, ಇವೇ ಮೊದಲ ಚಿಕಿತ್ಸೆ. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಯಲ್ಲೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋ ಇಳಿಯುತ್ತದೆ. ಇವುಗಳಿಂದ ಆಗದಷ್ಟು ಸವೆದಿದ್ದರೆ ಮುಂದಿನ ಮಾತು ಮಂಡಿ ಬದಲಿಸುವುದೇ ಹೊರತು ತೊಳೆಯುವುದಲ್ಲ. ಕೂರಲಾಗದವರಿಗೆ ಕುರ್ಚಿಯ ಮೇಲೆ ನಮಾಝ್ ಮಾಡುವ ರಿಯಾಯಿತಿ ಶರೀಅತ್‌ನಲ್ಲಿದೆ. ವಿವರಗಳನ್ನು ನಿಮ್ಮ ಮಸೀದಿಯ ಇಮಾಮರಿಂದ ಕೇಳಿ ತಿಳಿಯಿರಿ.

ಇನ್ನು ಕುಣಿಗಲ್‌ನ ಇಪ್ಪತ್ತೆರಡರ ಹುಡುಗನೊಬ್ಬ ಬೈಕಿನಿಂದ ಬಿದ್ದ, ಒಂದೇ ಗಂಟೆಯಲ್ಲಿ ಮಂಡಿ ಊದಿತು, ಮೂರು ವಾರದ ಮೇಲೂ ಕಾಲು ಜಾರಿದಂತಾಗುತ್ತದೆ, ಕೆಲವೊಮ್ಮೆ ಮಡಚಿದ್ದು ಬಿಡಿಸಲಾಗುವುದಿಲ್ಲ ಎಂದುಕೊಳ್ಳಿ. ಇವನಿಗೆ ಎಂಆರ್‌ಐ ಬೇಕೇ ಬೇಕು, ಆರ್ತ್ರೋಸ್ಕೋಪಿಯೂ ಬೇಕಾಗಬಹುದು. ಮೆನಿಸ್ಕಸ್‌ನ ಹೊರ ಅಂಚಿಗೆ ರಕ್ತ ಹರಿಯುತ್ತದೆ, ಅಲ್ಲಿ ಹರಿದಿದ್ದರೆ ಹೊಲಿಯಬಹುದು. ತಡವಾದಷ್ಟೂ ಹೊಲಿಯುವ ಅವಕಾಶ ಕಡಿಮೆ. ಸಡಿಲವಾದ ಮಂಡಿಯಲ್ಲಿ ಓಡಾಡಿದಂತೆಲ್ಲ ಮೃದ್ವಸ್ಥಿಯೂ ಕೆಡುತ್ತ ಹೋಗುತ್ತದೆ. ಮೊದಲಿನ ತಾಯಿಗೆ ಮಾಡುವ ಆತುರವನ್ನು ಈ ಹುಡುಗನಿಗೆ ಮಾಡಿದ್ದರೆ ಒಳ್ಳೆಯದಿತ್ತು!

ಇವುಗಳಿಗೆ ತಡ ಸಲ್ಲದು

• ಮಂಡಿ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದಿದ್ದರೆ ಕೀಲಿನೊಳಗೆ ಕೀವು ಆಗಿರಬಹುದು. ಅದು ದಿನಗಳಲ್ಲೇ ಮೃದ್ವಸ್ಥಿಯನ್ನು ತಿಂದುಹಾಕುತ್ತದೆ. ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಕ್ಕರೆ ಕಾಯಿಲೆಯವರು ಇನ್ನೂ ಎಚ್ಚರ.
• ಬಿದ್ದ ಮೇಲೆ ನಾಲ್ಕು ಹೆಜ್ಜೆಯೂ ಇಡಲಾಗದಿದ್ದರೆ ಮೂಳೆ ಮುರಿದಿರಬಹುದು. ಎಕ್ಸ್‌ರೇ ಆಗುವವರೆಗೆ ತಿಕ್ಕಿಸಬೇಡಿ, ಎಳೆಸಬೇಡಿ.
• ಮಂಡಿ ಮಡಚಿದಲ್ಲೇ ಸಿಕ್ಕಿಹಾಕಿಕೊಂಡು ಬಿಡಿಸಲಾಗದಿದ್ದರೆ ಕೂಡಲೇ ಮೂಳೆ ತಜ್ಞರ ಬಳಿಗೆ ಹೋಗಿ.
• ರಾತ್ರಿ ಮಲಗಿದಾಗಲೂ ಕಡಿಮೆಯಾಗದ ನೋವು, ಕಾರಣವಿಲ್ಲದೆ ತೂಕ ಇಳಿಯುವುದು, ಮಕ್ಕಳಲ್ಲಿ ಕುಂಟುವಿಕೆ, ಇವನ್ನು ಸವೆತವೆಂದು ತಳ್ಳಿಹಾಕಬೇಡಿ.

ಎಲ್ಲಿಂದ ಆರಂಭಿಸಬೇಕು?

ಗುಬ್ಬಿ, ಕುಣಿಗಲ್‌ನವರು ತಾಲೂಕು ಆಸ್ಪತ್ರೆಯಿಂದಲೇ ಆರಂಭಿಸಬಹುದು. ಮೂಳೆ ತಜ್ಞರ ಸಲಹೆ ಬೇಕಾದರೆ ತುಮಕೂರಿನ ಜಿಲ್ಲಾ ಆಸ್ಪತ್ರೆ ಗುಬ್ಬಿಯಿಂದ ಸುಮಾರು 20 ಕಿ.ಮೀ., ಕುಣಿಗಲ್‌ನಿಂದ ಸುಮಾರು 35 ಕಿ.ಮೀ. ದೂರದಲ್ಲಿದೆ. ನಗರದಲ್ಲಿ ಮೆಡಿಕಲ್ ಕಾಲೇಜು ಆಸ್ಪತ್ರೆಗಳೂ ಇವೆ. ಕ್ಲಿಷ್ಟವಾದ ಪ್ರಕರಣಗಳಿಗೆ ಬೆಂಗಳೂರಿನಲ್ಲಿ ಸರ್ಕಾರದ ಸಂಜಯ್ ಗಾಂಧಿ ಅಪಘಾತ ಮತ್ತು ಮೂಳೆ ಚಿಕಿತ್ಸಾ ಸಂಸ್ಥೆ ಇದೆ. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆಯ ಸೌಲಭ್ಯವಿದೆ. ನಿಮಗೆ ಬೇಕಾದ ಚಿಕಿತ್ಸೆ ಪಟ್ಟಿಯಲ್ಲಿದೆಯೇ, ರೆಫರಲ್ ಚೀಟಿ ಬೇಕೇ ಎಂದು ಆಸ್ಪತ್ರೆಯಲ್ಲಿರುವ ಆರೋಗ್ಯ ಮಿತ್ರರನ್ನು ಹಣ ಕಟ್ಟುವ ಮುನ್ನವೇ ಕೇಳಿ. ಹಳೆಯ ಎಕ್ಸ್‌ರೇ, ವರದಿ, ಮಾತ್ರೆ ಚೀಟಿಗಳನ್ನು ಒಂದೇ ಚೀಲದಲ್ಲಿಟ್ಟು ಪ್ರತಿ ಸಲವೂ ಒಯ್ಯಿರಿ. ಇದರಿಂದ ಅದೇ ಪರೀಕ್ಷೆಗೆ ಎರಡೆರಡು ಸಲ ಹಣ ತೆರುವುದು ತಪ್ಪುತ್ತದೆ.

ವೈದ್ಯರು ಸ್ಕ್ಯಾನ್ ಅಥವಾ ಆಪರೇಷನ್ ಸೂಚಿಸಿದಾಗ ವಿನಯದಿಂದ ಮೂರು ಪ್ರಶ್ನೆ ಕೇಳಿ. ಈ ಪರೀಕ್ಷೆಯ ಫಲಿತಾಂಶದಿಂದ ನನ್ನ ಚಿಕಿತ್ಸೆ ಬದಲಾಗುತ್ತದೆಯೇ? ವರದಿಯಲ್ಲಿ ಕಂಡದ್ದೇ ನನ್ನ ನೋವಿಗೆ ಕಾರಣವೆಂದು ಪರೀಕ್ಷಿಸಿ ನೋಡಿದಾಗಲೂ ಅನಿಸುತ್ತದೆಯೇ? ಮೂರು ತಿಂಗಳು ವ್ಯಾಯಾಮ ಮಾಡಿ ನೋಡಿದರೆ ನಷ್ಟವೇನಾದರೂ ಇದೆಯೇ? ಒಳ್ಳೆಯ ವೈದ್ಯರಿಗೆ ಈ ಪ್ರಶ್ನೆಗಳಿಂದ ಬೇಸರವಾಗುವುದಿಲ್ಲ. ಉತ್ತರ ಸಮಾಧಾನ ತರದಿದ್ದರೆ ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಿರಿ. ಸವೆತದ ಮಂಡಿ ಒಂದು ವಾರ ಕಾಯಬಲ್ಲದು. ಕಾಯಲಾಗದ ಲಕ್ಷಣಗಳು ಯಾವುವೆಂದು ಮೇಲೆ ಹೇಳಿದ್ದೇವೆ, ಆ ಪಟ್ಟಿಯನ್ನು ಮನೆಯವರೆಲ್ಲರಿಗೂ ಓದಿ ಹೇಳಿ.